ಲಕ್ಕಮ್ಮ ಕೇಳಿದ್ದು, ಮಾರಯ್ಯ ಕೇಳಿಸಿಕೊಂಡದ್ದು

ವಿಜಯನಗರ, ಕೆಂಗೇರಿ ಕಡೆಯಿಂದ ಮೆಟ್ರೋ ಹತ್ತಿ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಹೋಗುವ ಕನ್ನಡ ವಿದ್ಯಾರ್ಥಿಗಳಿಗೆ 12ನೆಯ ಶತಮಾನದ ಕಲ್ಯಾಣ ಒಂದು ಪಾಠ. ಅಲ್ಲಿ ದೋಣಿ ನಡೆಸುವ ಚೌಡಯ್ಯನೂ ಮಂತ್ರಿ ಬಸವಣ್ಣನೂ ಶರಣರೇ. ಆಯ್ದಕ್ಕಿ ಲಕ್ಕಮ್ಮನ ಕಥೆ ನೋಡಿ. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಈ ಆಸೆ ನಿಮಗೇಕೆ, ಅಲ್ಲೇ ಸುರಿದು ಬನ್ನಿ ಎಂದಳು ಆಕೆ. ಕೇಳುವ ಧೈರ್ಯ ದೊಡ್ಡದು. ಮಾರಯ್ಯ ಕೇಳಿಸಿಕೊಂಡನಲ್ಲ, ಅದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಆದರೆ ಈ ಪಾಠ ಬರೆದುಕೊಂಡ ಮಕ್ಕಳೂ ಎಷ್ಟೋ ಸಲ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಬೇರೆ ಬೇರೆ ಗುಂಪಾಗುತ್ತಾರೆ. ಏನು ಸಾರು ಎಂದು ಕೇಳಲೂ ಸಂಕೋಚ. ಮಕ್ಕಳೇ, ಇವತ್ತು ಇನ್ನೊಂದು ಗುಂಪಿನಲ್ಲಿ ಕೂತು ನೋಡಿ. ‘ನಿಮ್ಮನೇಲಿ ಹಬ್ಬಕ್ಕೆ ಏನು ಮಾಡ್ತೀರಾ?’ ಎಂದು ಕೇಳಿ. ಉತ್ತರ ಮುಗಿಯುವವರೆಗೆ ಕಾಯಿರಿ.