ಕಮಿಷನ್ ದರ ಬದಲಾದಾಗ



ಗಿರಾಕಿಯನ್ನು ಅಂಗಡಿಗೆ ಕರೆತಂದವರಿಗೆ ಕಮಿಷನ್ ಕೊಡುವುದು ವ್ಯಾಪಾರದ ಹಳೆಯ ರೂಢಿ. ಅಂತರ್ಜಾಲದಲ್ಲಿ ಇದಕ್ಕೆ ಅಫಿಲಿಯೇಟ್ ಪದ್ಧತಿ ಎಂದು ಹೆಸರು. ಅಮೆರಿಕದ ಅಮೆಜಾನ್ ಸಂಸ್ಥೆ 1996ರಲ್ಲಿ ಇಂಥ ಯೋಜನೆಯನ್ನು ಆರಂಭಿಸಿತು. ಸಣ್ಣ ಜಾಲತಾಣದವರು ಒಂದು ವಸ್ತುವಿನ ಗುಣದೋಷಗಳನ್ನು ಬರೆದು, ಕೆಳಗೆ ಅಂಗಡಿಯ ಕೊಂಡಿ ಹಾಕುತ್ತಾರೆ. ಓದುಗರು ಆ ಕೊಂಡಿಯ ಮೂಲಕ ಹೋಗಿ ಕೊಂಡರೆ, ಬೆಲೆಯಲ್ಲಿ ಒಂದು ಪಾಲು ಬರೆದವರಿಗೆ ಸಲ್ಲುತ್ತದೆ.

ಆದರೆ ಆ ಪಾಲನ್ನು ಗೊತ್ತುಮಾಡುವವರು ಯಾರು? ಅಂಗಡಿಯವರೇ. ಮೊದಲು ಹೆಚ್ಚು ಮಾರಾಟ ತಂದವರಿಗೆ ಹೆಚ್ಚು ದರ ದೊರೆಯುತ್ತಿತ್ತು. 2017ರಲ್ಲಿ ಅಮೆಜಾನ್ ಅದನ್ನು ಬಿಟ್ಟು, ವಸ್ತುವಿನ ವರ್ಗಕ್ಕೆ ತಕ್ಕಂತೆ ದರ ನಿಗದಿಮಾಡಿತು. 2020ರ ಏಪ್ರಿಲ್‌ನಲ್ಲಿ, ಕೊರೋನಾ ಕಾಲದಲ್ಲೇ, ಅಮೆರಿಕದಲ್ಲಿ ಪೀಠೋಪಕರಣಗಳ ದರ ಶೇಕಡಾ 8ರಿಂದ 3ಕ್ಕೂ, ದಿನಸಿಯದು 5ರಿಂದ 1ಕ್ಕೂ ಇಳಿಯಿತು.

ಲೆಕ್ಕಮಾಡಿ ನೋಡೋಣ. ತಿಂಗಳಿಗೆ 100 ಡಾಲರಿನ 50 ಕುರ್ಚಿಗಳು ಮಾರಾಟವಾದರೆ ಮೊದಲು ಬರುತ್ತಿದ್ದುದು 400 ಡಾಲರ್; ಅನಂತರ 150. ಬರಹ ಅದೇ, ಓದುಗರೂ ಅಷ್ಟೇ. ತಾಣ ನಡೆಸುವ ಖರ್ಚೂ ಇಳಿಯಲಿಲ್ಲ.

ಇದರ ಪರಿಣಾಮ ಓದುಗರ ಮೇಲೂ ಉಂಟು. ವರಮಾನ ಕುಸಿದಾಗ, ಒಳ್ಳೆಯ ವಸ್ತುವನ್ನು ಬಿಟ್ಟು ಹೆಚ್ಚು ಕಮಿಷನ್ ತರುವ ವಸ್ತುವನ್ನು ಹೊಗಳುವ ಆಸೆ ಹುಟ್ಟಬಹುದು. ಹಾಗೆ ಕಳೆದುಕೊಂಡ ನಂಬಿಕೆ, ದರ ಮತ್ತೆ ಏರಿದರೂ ಮರಳಲಾರದು. ಆದ್ದರಿಂದ ಈ ಕೆಲಸಕ್ಕೆ ಕೈಹಾಕುವವರು ಒಂದೇ ಅಂಗಡಿಯನ್ನು ನೆಚ್ಚಬಾರದು. ಕಮಿಷನ್ ಪಡೆಯುವ ಸಂಗತಿಯನ್ನು ಓದುಗರಿಂದ ಮುಚ್ಚಿಡಲೂಬಾರದು. ನೀವು ಓದುಗರಾಗಿದ್ದರೆ, ಹೊಗಳಿಕೆಯನ್ನು ಓದಿದ ಮೇಲೆ ಕೆಳಗಿರುವ ಕೊಂಡಿಯನ್ನೂ ಒಮ್ಮೆ ಗಮನಿಸಿ.