ತಾಳ್ಮೆಯ ವೆಚ್ಚ



ಕಬ್ಬಿಣದ ತುಕ್ಕೂ ಲೋಹದ ಆಕ್ಸೈಡು, ಅಯಸ್ಕಾಂತದ ಕಲ್ಲೂ ಲೋಹದ ಆಕ್ಸೈಡು. ಇಂತಹ ವಸ್ತುಗಳ ಅಧ್ಯಯನಕ್ಕೆ ಬದುಕನ್ನು ಮುಡಿಪಾಗಿಟ್ಟವರು ಬೆಂಗಳೂರಿನಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್. 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಅವರು ಮರುವರ್ಷವೇ ತಾಯ್ನಾಡಿಗೆ ಮರಳಿದರು. ಕಾನ್ಪುರದ ಐಐಟಿಯಲ್ಲಿ ದುಡಿದ ಬಳಿಕ, 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಘನಸ್ಥಿತಿ ರಸಾಯನಶಾಸ್ತ್ರಕ್ಕೆ ಪ್ರತ್ಯೇಕ ಘಟಕವನ್ನೇ ಕಟ್ಟಿದರು.

ಆ ವರ್ಷಗಳಲ್ಲಿ ರಾವ್ ಮತ್ತು ಸಹೋದ್ಯೋಗಿ ಪಿ. ಗಂಗೂಲಿಯವರು ಲ್ಯಾಂಥನಮ್, ತಾಮ್ರ, ಆಮ್ಲಜನಕಗಳು ಪದರ ಪದರವಾಗಿ ಜೋಡಣೆಗೊಂಡ ಸಂಯುಕ್ತವೊಂದರ ಕಾಂತೀಯ ಹಾಗೂ ವಿದ್ಯುತ್ ಗುಣಗಳನ್ನು ಪರಿಶೀಲಿಸಿದರು. ಅದರಿಂದ ತಕ್ಷಣದ ಲಾಭವೇನೂ ಇರಲಿಲ್ಲ. 1986ರಲ್ಲಿ ಜ್ಯೂರಿಕ್ ಬಳಿಯ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್, ಅದೇ ಬಗೆಯ ಆಕ್ಸೈಡಿನಲ್ಲಿ ಲ್ಯಾಂಥನಮ್‌ನ ಒಂದಂಶದ ಬದಲು ಬೇರಿಯಮ್ ಸೇರಿಸಿ ಅತಿವಾಹಕತೆಯನ್ನು, ಅಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಸ್ಥಿತಿಯನ್ನು ಕಂಡರು. ನೊಬೆಲ್ ಅವರಿಗೆ ಸಂದಿತು. ಮರುವರ್ಷ, ದ್ರವ ಸಾರಜನಕದ ಶೈತ್ಯದಲ್ಲೇ ಅತಿವಾಹಕವಾಗುವ ತಾಮ್ರದ ಆಕ್ಸೈಡುಗಳತ್ತ ಜಗತ್ತಿನ ಪ್ರಯೋಗಾಲಯಗಳು ಮುಗಿಬಿದ್ದಾಗ, ಬೆಂಗಳೂರಿನ ತಂಡವೂ ಮುಂಚೂಣಿಯಲ್ಲಿತ್ತು. ಮುಂದೆ ಅದೇ ಅನುಭವ, ಕಾಂತಕ್ಷೇತ್ರದಲ್ಲಿಟ್ಟರೆ ವಿದ್ಯುತ್ ರೋಧ ಕುಸಿಯುವ ಮ್ಯಾಂಗನೀಸ್ ಆಕ್ಸೈಡುಗಳ ಸಂಶೋಧನೆಗೂ ಒದಗಿತು.

ಈ ಸಿದ್ಧತೆ ಒಂದು ವರ್ಷದ ಅನುದಾನದಿಂದ ಬಂದದ್ದಲ್ಲ. ಜ್ಯೂರಿಕ್‌ನಲ್ಲಿ ತಾಳ್ಮೆಯ ವೆಚ್ಚವನ್ನು ಐಬಿಎಂ ಎಂಬ ಕಂಪನಿ ಭರಿಸಿತು. ಬೆಂಗಳೂರಿನಲ್ಲಿ ಭರಿಸಿದ್ದು ಸಾರ್ವಜನಿಕ ಬೊಕ್ಕಸ. 2013ರಲ್ಲಿ ಭಾರತರತ್ನ ಘೋಷಣೆಯಾದಾಗಲೂ ರಾವ್ ಅವರು ವಿಜ್ಞಾನಕ್ಕೆ ಸರಕಾರ ಕೊಡುವ ಹಣ ಸಾಲದೆಂದು ಖಾರವಾಗಿಯೇ ಹೇಳಿದರು. ಉಪಯೋಗವೇನೆಂದು ಮೊದಲೇ ಕೇಳುವ ಆಡಳಿತದಲ್ಲಿ ಅಂತಹ ಇನ್ನೊಂದು ಪ್ರಯೋಗಾಲಯ ಹೇಗೆ ಹುಟ್ಟೀತು? ಮರಳಲಾಗದ ಹೊರನಾಡ ಕನ್ನಡಿಗರೂ ತಾಯ್ನಾಡಿನ ಬಜೆಟ್ಟಿಗೆ ಈ ಪ್ರಶ್ನೆಯನ್ನು ಹಾಕಬಹುದು, ಹಾಕಲೇಬೇಕು.