ಜುಮುಅದ ದುಆ: ಎತ್ತಿದ ಕೈಗಳ ಹೊಣೆ



ಶುಕ್ರವಾರದಂದು ಒಂದು ಘಳಿಗೆಯಿದೆ. ಆಗ ದಾಸನು ಬೇಡಿದ ಒಳಿತನ್ನು ಅಲ್ಲಾಹನು ದಯಪಾಲಿಸುವನೆಂದು ಪ್ರವಾದಿವರ್ಯರು(ಸ) ಕಲಿಸಿರುವರು. ಅಬೂಹುರೈರಾ(ರ)ರಿಂದ ವರದಿಯಾದ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇಮಾಮರು ಮಿಂಬರ್‌ನಲ್ಲಿ ಕುಳಿತಲ್ಲಿಂದ ನಮಾಝ್ ಮುಗಿಯುವ ತನಕದ ಸಮಯವದು ಎಂದು ಒಂದು ವರದಿ. ಅಸ್ರ್‌ನ ಬಳಿಕದ ಕೊನೆಯ ಘಳಿಗೆಯೆಂದು ಇನ್ನೊಂದು. ದಾಸನು ದಿನವಿಡೀ ಎಚ್ಚರದಿಂದಿರಲೆಂದೇ ಅದನ್ನು ಮರೆಯಾಗಿಡಲಾಗಿದೆಯೆಂದು ವಿದ್ವಾಂಸರು ವಿವರಿಸಿರುವರು. ಮಸೀದಿಯಲ್ಲಿರುವವರಿಗೆ ಮಾತ್ರವಲ್ಲ, ಮನೆಯಲ್ಲಿರುವ ತಾಯಂದಿರಿಗೂ, ಹಾಸಿಗೆ ಹಿಡಿದ ರೋಗಿಗೂ ಸಂಜೆಯ ಆ ಘಳಿಗೆ ತೆರೆದಿದೆ.

ಆದರೆ ಆ ಘಳಿಗೆಯಲ್ಲಿ ನಾವು ಬೇಡುವುದೇನನ್ನು? ಮಗನಿಗೆ ಉದ್ಯೋಗ, ಮಗಳಿಗೆ ಸಂಬಂಧ, ಸಾಲದಿಂದ ಬಿಡುಗಡೆ. ಇವನ್ನು ಬೇಡುವುದು ತಪ್ಪಲ್ಲ. ಆದರೆ ಖುತ್ಬಾದ ದುಆವನ್ನು ಗಮನಿಸಿರಿ. ಅದು ಸಕಲ ಸತ್ಯವಿಶ್ವಾಸಿ ಸ್ತ್ರೀ ಪುರುಷರಿಗಾಗಿ ಇರುವ ಪ್ರಾರ್ಥನೆ. ಅದಕ್ಕೆ ಆಮೀನ್ ಹೇಳಿದವನು ನೆರೆಮನೆಯ ಸಂಕಟಕ್ಕೆ ಬಾಗಿಲು ಮುಚ್ಚಿಕೊಳ್ಳುವುದು ಹೇಗೆ?

ಮಿಂಬರ್ ದ್ವೇಷದ ವೇದಿಕೆಯಾದ ಕಾಲವೂ ಇತಿಹಾಸದಲ್ಲಿದೆ. ಉಮವಿ ಆಡಳಿತದಲ್ಲಿ ಶುಕ್ರವಾರದ ಖುತ್ಬಾದಲ್ಲಿ ಅಲೀ(ರ)ರನ್ನು ನಿಂದಿಸಲಾಗುತ್ತಿತ್ತು. ಕ್ರಿ.ಶ. 717ರಲ್ಲಿ ಖಲೀಫರಾದ ಉಮರ್ ಬಿನ್ ಅಬ್ದುಲ್ ಅಝೀಝ್(ರ) ಆ ಕೆಟ್ಟ ರೂಢಿಯನ್ನು ನಿಲ್ಲಿಸಿದರು. ಅದರ ಬದಲು ಸೂರಃ ಅನ್ನಹ್ಲ್‌ನ 90ನೇ ಸೂಕ್ತವನ್ನು ಓದಿಸಿದರೆಂದು ಇತಿಹಾಸಕಾರರು ದಾಖಲಿಸಿರುವರು. ನ್ಯಾಯ, ಸೌಜನ್ಯ, ಬಂಧುಗಳ ಹಕ್ಕು ಸಲ್ಲಿಕೆಗಳ ಆದೇಶವೂ ಅಶ್ಲೀಲತೆ, ದುಷ್ಕೃತ್ಯ, ಅತಿಕ್ರಮಗಳ ನಿಷೇಧವೂ ಅದರಲ್ಲಿದೆ. ಇಂದಿಗೂ ಅನೇಕ ಮಸೀದಿಗಳಲ್ಲಿ ಖುತ್ಬಾದ ಕೊನೆಯಲ್ಲಿ ನಾವು ಆಲಿಸುವುದು ಅದನ್ನೇ. ಅರ್ಥ ತಿಳಿಯದೆ ಆಲಿಸುತ್ತೇವೆ. ಆದ್ದರಿಂದಲೇ ತಂಗಿಯ ಆಸ್ತಿಪಾಲನ್ನು ತಡೆಹಿಡಿದವನೂ ನೆಮ್ಮದಿಯಿಂದ ಎದ್ದು ಹೋಗುತ್ತಾನೆ.

ದೀರ್ಘ ಪ್ರಯಾಣದಿಂದ ಬಳಲಿ, ಕೆದರಿದ ಕೂದಲಲ್ಲಿ, ಆಕಾಶದತ್ತ ಕೈಯೆತ್ತಿ ಮೊರೆಯಿಡುವ ಒಬ್ಬನ ಕುರಿತು ಪ್ರವಾದಿವರ್ಯರು(ಸ) ಹೇಳಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಅವನ ಅನ್ನ, ಪಾನೀಯ, ಉಡುಪು ಎಲ್ಲವೂ ನಿಷಿದ್ಧ ಸಂಪಾದನೆಯವು. ಅವನ ಮೊರೆ ಸ್ವೀಕೃತವಾಗುವುದಾದರೂ ಹೇಗೆಂದು ಅವರು ಪ್ರಶ್ನಿಸಿದರು. ವರದಕ್ಷಿಣೆಯ ಹಣದಿಂದ ಹೊಲಿಸಿದ ಶುಭ್ರ ಉಡುಪು, ಕಾರ್ಮಿಕನ ಕೂಲಿಯನ್ನು ಮುರಿದು ಕೊಂಡ ಅತ್ತರು ಈ ಪ್ರಶ್ನೆಯಿಂದ ಪಾರಾಗಲಾರವು.

ಕರೆ ಕೇಳಿದಾಗ ವ್ಯಾಪಾರವನ್ನು ಬಿಟ್ಟು ಬರಲು, ನಮಾಝ್ ಮುಗಿದಾಗ ಭೂಮಿಯಲ್ಲಿ ಚದುರಿ ಅಲ್ಲಾಹನ ಅನುಗ್ರಹವನ್ನು ಅರಸಲು ಸೂರಃ ಅಲ್ ಜುಮುಅ ಆದೇಶಿಸುತ್ತದೆ. ಅಂದರೆ ದುಆದ ಪರೀಕ್ಷೆ ನಡೆಯುವುದು ಮಸೀದಿಯ ಮೆಟ್ಟಿಲಿಳಿದ ಬಳಿಕ, ಅಂಗಡಿಯ ತಕ್ಕಡಿಯ ಮುಂದೆ.

ಬರುವ ಶುಕ್ರವಾರ ಸ್ನಾನ ಮಾಡಿ ಹೊರಡುವ ಮುನ್ನ ಯಾರ ಹಕ್ಕು ನಮ್ಮಲ್ಲಿ ಉಳಿದಿದೆಯೆಂದು ಲೆಕ್ಕ ಹಾಕೋಣ. ಒಂದನ್ನಾದರೂ ಸಲ್ಲಿಸಿ ಕೈಯೆತ್ತೋಣ. ಅಲ್ಲಾಹನು ನಮ್ಮ ಸಂಪಾದನೆಯನ್ನು ಶುದ್ಧಗೊಳಿಸಲಿ, ನಮ್ಮ ಮೊರೆಯನ್ನು ಸ್ವೀಕರಿಸಲಿ. ಆಮೀನ್.